ನಾಯಿ ತನ್ನ ತಟ್ಟೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಊಟ ಮಾಡುತ್ತಿರುವ ನಾಯಿಯ ಪಕ್ಕದಲ್ಲಿ ಹಾದುಹೋದರೆ ಸಾಕು, ಗುರ್ ಅನ್ನುತ್ತದೆ. ಕದ್ದ ಕಾಲುಚೀಲ ವಾಪಸ್ ಕೇಳಿದರೆ ಮಂಚದ ಕೆಳಗೆ ನುಗ್ಗಿ ಹಲ್ಲು ತೋರಿಸುತ್ತದೆ. ಐದು ನಿಮಿಷದ ಹಿಂದೆ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ನಾಯಿ ಇದೇನಾ ಅನ್ನಿಸುತ್ತದೆ. ನಮ್ಮ ಮನೆಯ ನಾಯಿ ಮೊದಲ ಸಲ ನನ್ನ ಮೇಲೆ ಗುರುಗುಟ್ಟಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಇಂಥ ನಾಯಿಯ ಜೊತೆ ಬದುಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮ್ಮ ನಾಯಿ ಈಗಾಗಲೇ ಯಾರನ್ನಾದರೂ ಕಚ್ಚಿದ್ದರೆ, ಕೆಳಗೆ ಗಾಯದ ಬಗ್ಗೆ ಬರೆದಿರುವುದನ್ನು ಮೊದಲು ಓದಿ.

ನಾಯಿ ನಿಜವಾಗಿ ಏನು ಮಾಡುತ್ತಿದೆ?

ತನ್ನ ಹತ್ತಿರ ಇರುವುದನ್ನು ಯಾರೋ ಕಿತ್ತುಕೊಳ್ಳುತ್ತಾರೆ ಅಂತ ಅದಕ್ಕೆ ಅನ್ನಿಸಿದೆ. ಉಳಿಸಿಕೊಳ್ಳಲು ತನಗೆ ಗೊತ್ತಿರುವ ದಾರಿ ಹಿಡಿದಿದೆ. ತರಬೇತಿ ಕೊಡುವವರು ಇದನ್ನು ರಿಸೋರ್ಸ್ ಗಾರ್ಡಿಂಗ್ ಅನ್ನುತ್ತಾರೆ. ನಾವಿಲ್ಲಿ ಸುಮ್ನೆ 'ಕಾಯುವುದು' ಅನ್ನೋಣ. ಕಾಯುವುದು ಊಟವನ್ನೇ ಆಗಬೇಕಿಲ್ಲ. ಮೂಳೆ, ಚೆಂಡು, ಮಲಗುವ ಜಾಗ, ಕಸದ ಬುಟ್ಟಿಯಿಂದ ಎತ್ತಿಕೊಂಡ ಕಾಗದ, ಮನೆಯ ಒಬ್ಬ ವ್ಯಕ್ತಿ, ಯಾವುದೂ ಆಗಬಹುದು. ಯಾವುದು ಎಷ್ಟು ಬೆಲೆಯದ್ದು ಅಂತ ತೀರ್ಮಾನಿಸುವುದು ನಾಯಿ. ಹಾಗಾಗಿ 'ಒಂದು ಹರಕು ಬಟ್ಟೆಗೆ ಇಷ್ಟು ರಂಪವಾ' ಅಂತ ನಮಗೆ ಅನ್ನಿಸಿದರೂ ಅದಕ್ಕೆ ಅದು ಚಿನ್ನ.

ಇದು ಕೆಟ್ಟ ನಾಯಿಯ ಲಕ್ಷಣವೇ?

ಅಲ್ಲ. ಸಿಕ್ಕಿದ್ದನ್ನು ಬಿಟ್ಟುಕೊಟ್ಟ ಪ್ರಾಣಿ ಕಾಡಿನಲ್ಲಿ ಉಪವಾಸ ಬೀಳುತ್ತದೆ. ಆ ಬುದ್ಧಿ ನಾಯಿಯಲ್ಲಿ ಇನ್ನೂ ಉಳಿದಿದೆ. ಎಷ್ಟೋ ಮರಿಗಳಲ್ಲಿ ಇದು ಎರಡು ತಿಂಗಳು ತುಂಬುವಷ್ಟರಲ್ಲೇ ಕಾಣಿಸುತ್ತದೆ. ಒಂದೇ ತಟ್ಟೆಗೆ ಆರೇಳು ಮರಿಗಳು ಮುಗಿಬಿದ್ದು ತಿಂದಿದ್ದರೆ ಇನ್ನೂ ಬೇಗ ಕಲಿಯುತ್ತವೆ. ಹುಟ್ಟುಗುಣದ ಪಾಲೂ ಇದೆ, ಅನುಭವದ ಪಾಲೂ ಇದೆ. ಹೊಟ್ಟೆ ತುಂಬ ತಿಂದು ಬೆಳೆದ ನಾಯಿಯೂ ಕಾಯುತ್ತದೆ, ಹಸಿದು ಬೆಳೆದ ನಾಯಿ ಕಾಯದೇ ಇರಬಹುದು. ಆದ್ದರಿಂದ 'ನಾನು ಸಾಕಿದ್ದೇ ಸರಿಯಿಲ್ಲ' ಅಂತ ಕೊರಗಬೇಡಿ.

ಗುರ್ ಅನ್ನುವ ಮೊದಲೇ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. 'ಇದ್ದಕ್ಕಿದ್ದಂತೆ ಕಚ್ಚಿತು' ಅನ್ನುವ ಮನೆಗಳಲ್ಲಿ ಬಹಳ ಸಲ ಅದಕ್ಕಿಂತ ಮುಂಚೆ ನಾಯಿ ನಾಲ್ಕೈದು ಬಾರಿ ಹೇಳಿರುತ್ತದೆ. ಯಾರೂ ನೋಡಿರುವುದಿಲ್ಲ ಅಷ್ಟೆ.

ಮೊದಲ ಸುಳಿವು ಬಾಯಿಯಲ್ಲಿ ಸಿಗುತ್ತದೆ. ನೀವು ಹತ್ತಿರ ಬಂದಂತೆ ತಿನ್ನುವ ವೇಗ ಹೆಚ್ಚುತ್ತದೆ, ಅಗಿಯದೆ ನುಂಗಲು ಶುರು ಮಾಡುತ್ತದೆ. ಇಲ್ಲವೇ ಮೂಳೆಯನ್ನು ಕಚ್ಚಿಕೊಂಡು ಬೇರೆ ಮೂಲೆಗೆ ಹೋಗುತ್ತದೆ. ತಲೆ ತಟ್ಟೆಯೊಳಗೆ ಇನ್ನಷ್ಟು ಇಳಿಯುತ್ತದೆ, ಭುಜ ತಟ್ಟೆಗೆ ಅಡ್ಡವಾಗುತ್ತದೆ. ಮುಖ ತಿರುಗಿಸದೆ ಕಣ್ಣು ಮಾತ್ರ ನಿಮ್ಮ ಕಡೆ ಹೊರಳುತ್ತದೆ, ಆಗ ಕಣ್ಣಿನ ಬಿಳಿಭಾಗ ಅರ್ಧಚಂದ್ರದ ಹಾಗೆ ಕಾಣುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಸ್ತಬ್ಧವಾಗುವುದು. ತಿನ್ನುತ್ತಿದ್ದ ನಾಯಿ ಒಮ್ಮೆಲೇ ನಿಲ್ಲುತ್ತದೆ. ಬಾಲ, ಬೆನ್ನು, ದವಡೆ ಎಲ್ಲ ಬಿಗಿಯಾಗುತ್ತವೆ. ಅರ್ಧ ಸೆಕೆಂಡು ಇರಬಹುದು. ಅದನ್ನು ಕಂಡ ಕ್ಷಣ ಅಲ್ಲಿಂದ ಹಿಂದೆ ಸರಿಯಿರಿ. ಬಾಲ ಆಡುತ್ತಿದೆ ಅಂತ ಧೈರ್ಯ ತಂದುಕೊಳ್ಳಬೇಡಿ. ಮೈ ಬಿಗಿಯಾಗಿದ್ದು ಬಾಲ ಮಾತ್ರ ಗಡಸಾಗಿ ಆಡಿದರೆ ಅದು ಖುಷಿಯ ಗುರುತಲ್ಲ. ಇದಾದ ಮೇಲೆ ತುಟಿ ಎತ್ತುವುದು, ಗುರುಗುಟ್ಟುವುದು, ಗಾಳಿಯಲ್ಲಿ ಬಾಯಿ ಹಾಕುವುದು, ಕಚ್ಚುವುದು. ಎಲ್ಲ ನಾಯಿಗಳೂ ಇದೇ ಕ್ರಮದಲ್ಲಿ ಬರುವುದಿಲ್ಲ. ಮೊದಲೆಲ್ಲ ಹೇಳಿ ಪ್ರಯೋಜನ ಆಗದ ನಾಯಿ ನೇರವಾಗಿ ಕೊನೆಯದಕ್ಕೆ ಹೋಗುವುದೂ ಉಂಟು.

ಗುರ್ ಅಂದಾಗ ಗದರಿಸಬೇಕು ಅಲ್ವಾ?

ದಯವಿಟ್ಟು ಬೇಡ. ಗುರುಗುಟ್ಟುವುದು ನಾಯಿಯ ಮಾತು. 'ನನಗೆ ಭಯ ಆಗ್ತಿದೆ, ಸ್ವಲ್ಪ ದೂರ ಹೋಗು' ಅನ್ನುತ್ತಿದೆ. ಹೊಡೆದರೆ, ಗದರಿದರೆ ಆ ಸದ್ದು ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ನಾಯಿ ಕಲಿಯುವುದು ಇಷ್ಟೇ: ಎಚ್ಚರಿಕೆ ಕೊಟ್ಟರೆ ಪೆಟ್ಟು ಬೀಳುತ್ತದೆ. ಮುಂದಿನ ಸಲ ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ. ಗುರುಗುಟ್ಟುವ ನಾಯಿಗಿಂತ ಗುರುಗುಟ್ಟುವುದನ್ನು ಮರೆತ ನಾಯಿ ಜಾಸ್ತಿ ಅಪಾಯ.

ಆ ಕ್ಷಣಕ್ಕೆ ಮಾಡಬೇಕಾದ್ದು: ನಿಲ್ಲಿ, ದಿಟ್ಟಿಸಿ ನೋಡಬೇಡಿ, ನಿಧಾನವಾಗಿ ದೂರ ಹೋಗಿ. ಯಾವ ವಸ್ತು, ಎಷ್ಟು ದೂರ, ಯಾರು ಬಂದಾಗ ಅಂತ ಒಂದು ಕಡೆ ಬರೆದಿಟ್ಟುಕೊಳ್ಳಿ. ನಾಳೆಯ ಅಭ್ಯಾಸಕ್ಕೆ ಅದೇ ಆಧಾರ.

'ಯಜಮಾನ ಯಾರು ಅಂತ ತೋರಿಸು' ಅಂತ ಎಲ್ಲರೂ ಹೇಳುತ್ತಾರಲ್ಲ?

ಆ ಮಾತಿಗೆ ಒಂದು ಹಳೆಯ ಕಥೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಬೋನಿನಲ್ಲಿದ್ದ ತೋಳಗಳನ್ನು ನೋಡಿ, ಅವು ಮೇಲಿನ ಸ್ಥಾನಕ್ಕಾಗಿ ಕಾದಾಡುತ್ತವೆ ಎಂದು ಬರೆದರು. ನಾಯಿಗೂ ಅದೇ ಲೆಕ್ಕ ಅಂತ ಆಮೇಲೆ ಜನ ಅಂದುಕೊಂಡರು. ಸಂಬಂಧವೇ ಇಲ್ಲದ ತೋಳಗಳನ್ನು ಒಂದೇ ಕಡೆ ಕೂಡಿಹಾಕಿದ್ದಾಗ ಕಂಡದ್ದು ಅದು. ಕಾಡಿನ ತೋಳಗಳನ್ನು ದಶಕಗಳ ಕಾಲ ಗಮನಿಸಿದ ಡೇವಿಡ್ ಮೆಕ್, ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಅವರ ಮರಿಗಳ ಒಂದು ಸಂಸಾರ ಎಂದು 1999ರಲ್ಲಿ ಸ್ಪಷ್ಟವಾಗಿ ಬರೆದರು. ಅಷ್ಟಕ್ಕೂ ನಮ್ಮ ಮನೆಯಲ್ಲಿರುವುದು ತೋಳ ಅಲ್ಲ.

ಬಲಪ್ರಯೋಗದಿಂದ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ವರ್ತನೆಯ ಸಮಸ್ಯೆ ಇದ್ದ ನಾಯಿಗಳ ಮಾಲೀಕರನ್ನು ಕೇಳಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಯ ಬಾಯಿಂದ ವಸ್ತುವನ್ನು ಬಲವಂತವಾಗಿ ಬಿಡಿಸಿದವರಲ್ಲಿ ಶೇ. 39 ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಹೊಡೆದವರು, ಒದ್ದವರಲ್ಲಿ ಈ ಪ್ರಮಾಣ ಶೇ. 43. ಕಿತ್ತುಕೊಳ್ಳುತ್ತಾರೆ ಎಂದು ಹೆದರಿದ ನಾಯಿಯಿಂದ ಕಿತ್ತುಕೊಂಡರೆ, ಅದರ ಹೆದರಿಕೆ ಸರಿ ಅಂತ ನಾವೇ ಒಪ್ಪಿಕೊಂಡ ಹಾಗಾಯಿತು.

ಮರಿ ಇದ್ದಾಗಿಂದಲೇ ತಟ್ಟೆಗೆ ಕೈ ಹಾಕಿದರೆ ಅಭ್ಯಾಸ ಆಗುತ್ತದೆ ಅಂತಾರೆ. ನಿಜವೇ?

ಇದನ್ನು ನಂಬಿ ನಾನು ಪಶ್ಚಾತ್ತಾಪ ಪಟ್ಟಿದ್ದೇನೆ. ಒಬ್ಬ ಟ್ರೈನರ್ ಹೇಳಿದ್ದಕ್ಕೆ, ನಮ್ಮ ಮರಿ ತಿನ್ನುವಾಗ ದಿನಾ ತಟ್ಟೆಯಲ್ಲಿ ಕೈಯಾಡಿಸುತ್ತಿದ್ದೆ, ಮಧ್ಯದಲ್ಲಿ ತಟ್ಟೆ ಎತ್ತಿಕೊಳ್ಳುತ್ತಿದ್ದೆ. ಮೂರನೇ ವಾರಕ್ಕೆ ನಾನು ಅಡುಗೆಮನೆ ಬಾಗಿಲಿಗೆ ಬಂದರೂ ಅದು ತಿನ್ನುವುದನ್ನು ನಿಲ್ಲಿಸಿ ಬಿಗಿಯಾಗುತ್ತಿತ್ತು. ಊಟದ ಹೊತ್ತಿಗೆ ಯಾರೋ ಪ್ರತಿದಿನ ನಿಮ್ಮ ತಟ್ಟೆಗೆ ಕೈ ಹಾಕಿದರೆ ನಿಮಗೆ ಅಭ್ಯಾಸ ಆಗುತ್ತಾ, ಸಿಟ್ಟು ಬರುತ್ತಾ?

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ನಾಯಿ ಸಾಕಿದವರ ಸಮೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸುತ್ತದೆ. ಊಟದ ಮಧ್ಯೆ ತಟ್ಟೆ ಎತ್ತಿಕೊಳ್ಳುವ ಮನೆಗಳ ನಾಯಿಗಳಲ್ಲಿ ಕಾಯುವ ಗುಣ ಹೆಚ್ಚು ಕಂಡಿತು. ತಟ್ಟೆಗೆ ಇನ್ನೇನಾದರೂ ರುಚಿಯಾದದ್ದನ್ನು ಸೇರಿಸುವ ಮನೆಗಳಲ್ಲಿ ಕಡಿಮೆ ಕಂಡಿತು. ಸಮೀಕ್ಷೆಯಾದ್ದರಿಂದ ಇದೇ ಕಾರಣ ಎಂದು ಹೇಳಲಾಗದು. ಆದರೆ ಮರಿ ತಿನ್ನುವಾಗ ಹಾದುಹೋಗುತ್ತ ಒಂದು ಮಾಂಸದ ಚೂರು ಹಾಕಿ ಮುಂದೆ ನಡೆಯಿರಿ. ನಾಲ್ಕು ದಿನಕ್ಕೆ ನಿಮ್ಮ ಹೆಜ್ಜೆ ಸದ್ದಿಗೆ ಬಾಲ ಆಡಿಸುತ್ತದೆ.

ಸರಿ, ಇವತ್ತಿನಿಂದಲೇ ಏನು ಮಾಡಲಿ?

ತರಬೇತಿಗೆ ಮೊದಲು ಜಗಳದ ಸಂದರ್ಭಗಳನ್ನೇ ತಪ್ಪಿಸಿ. ನಾಯಿ ಒಂದೊಂದು ಸಲ ಗುರುಗುಟ್ಟಿ ಗೆದ್ದಾಗಲೂ, ಒಂದೊಂದು ಸಲ ಕಳೆದುಕೊಂಡಾಗಲೂ ಈ ಅಭ್ಯಾಸ ಗಟ್ಟಿಯಾಗುತ್ತದೆ.

ಊಟವನ್ನು ಓಡಾಟ ಇಲ್ಲದ ಕೋಣೆಯಲ್ಲಿ, ಬಾಗಿಲು ಹಾಕಿ ಕೊಡಿ. ಮುಗಿದ ಮೇಲೆ ನಾಯಿಯನ್ನು ಹೊರಗೆ ಕರೆದು, ಆಮೇಲೆ ತಟ್ಟೆ ಎತ್ತಿ. ಮೂಳೆ, ಅಗಿಯುವ ತಿಂಡಿಗಳ ಮೇಲೆ ಕಾಯುತ್ತಿದ್ದರೆ ಕೆಲವು ದಿನ ಅವನ್ನು ಕೊಡಲೇಬೇಡಿ. ಕಾಲುಚೀಲ, ಚಪ್ಪಲಿ, ರಿಮೋಟ್ ಎತ್ತರದಲ್ಲಿಡಿ, ಕಸದ ಬುಟ್ಟಿಗೆ ಮುಚ್ಚಳ ಇರಲಿ. ಕೆಲವರು ಇದನ್ನು ಸೋಲು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇದೇ. ಬರೀ ಇಷ್ಟರಿಂದಲೇ ಶಾಂತಿಯಿಂದ ಇರುವ ಮನೆಗಳೂ ಇವೆ, ಅದರಲ್ಲೂ ದೊಡ್ಡವರು ಮಾತ್ರ ಇರುವ ಮನೆಗಳು.

ಅಭ್ಯಾಸ ಮಾಡಿಸುವುದು ಹೇಗೆ?

ನಾವು ಬದಲಾಯಿಸಬೇಕಾದ್ದು ನಾಯಿಯ ಮನಸ್ಸಿನಲ್ಲಿರುವ ಲೆಕ್ಕವನ್ನು. ಈಗಿನ ಲೆಕ್ಕ: ಮನುಷ್ಯ ಹತ್ತಿರ ಬಂದರೆ ನನ್ನದು ಹೋಗುತ್ತದೆ. ಆಗಬೇಕಾದ ಲೆಕ್ಕ: ಮನುಷ್ಯ ಹತ್ತಿರ ಬಂದರೆ ಇನ್ನೂ ಒಳ್ಳೆಯದು ಸಿಗುತ್ತದೆ.

ತಟ್ಟೆಯಲ್ಲಿ ದಿನದ ಸಾದಾ ಊಟ ಇರಲಿ. ನಿಮ್ಮ ಕೈಯಲ್ಲಿ ಅದಕ್ಕಿಂತ ಎಷ್ಟೋ ರುಚಿಯಾದದ್ದು ಇರಲಿ, ಉದಾಹರಣೆಗೆ ಉಪ್ಪು ಖಾರ ಇಲ್ಲದೆ ಬೇಯಿಸಿದ, ಮೂಳೆ ತೆಗೆದ ಕೋಳಿಮಾಂಸದ ಸಣ್ಣ ಚೂರುಗಳು. ಈಗ ದೂರ ಹುಡುಕಿ. ನಾಯಿ ನಿಮ್ಮನ್ನು ಗಮನಿಸುತ್ತದೆ, ಆದರೆ ಬಿಗಿಯಾಗುವುದಿಲ್ಲ, ವೇಗವಾಗಿ ತಿನ್ನುವುದಿಲ್ಲ. ಅಂಥ ದೂರ ಒಂದು ನಾಯಿಗೆ 4 ಅಡಿ, ಇನ್ನೊಂದಕ್ಕೆ 15 ಅಡಿ ಇರಬಹುದು. ಆ ದೂರದಲ್ಲಿ ಸಹಜವಾಗಿ ನಡೆದು ಬನ್ನಿ, ಒಂದು ಚೂರನ್ನು ತಟ್ಟೆಯ ಹತ್ತಿರಕ್ಕೆ ಎಸೆಯಿರಿ, ನಿಲ್ಲದೆ ಹೊರಟುಹೋಗಿ. ಒಂದು ಊಟಕ್ಕೆ ನಾಲ್ಕೈದು ಸಲ ಸಾಕು. ಕೆಲವು ಊಟಗಳನ್ನು ಅದು ಅಭ್ಯಾಸವಿಲ್ಲದೆ ಒಬ್ಬಂಟಿಯಾಗಿ ತಿನ್ನಲಿ.

ಕ್ರಮ ತಪ್ಪಬಾರದು. ಮೊದಲು ನೀವು ಕಾಣಿಸಬೇಕು, ಆಮೇಲೆ ಚೂರು ಬರಬೇಕು. ಚೂರು ತೋರಿಸಿ ಆಮೇಲೆ ಹತ್ತಿರ ಹೋದರೆ, ಒಳ್ಳೆಯ ತಿಂಡಿಯೇ ಅಪಾಯದ ಮುನ್ಸೂಚನೆ ಅಂತ ನಾಯಿ ಕಲಿತುಬಿಡುತ್ತದೆ.

ಕೆಲವು ದಿನಗಳ ನಂತರ ಒಂದು ಬದಲಾವಣೆ ಕಾಣುತ್ತದೆ. ನಿಮ್ಮನ್ನು ಕಂಡ ತಕ್ಷಣ ನಾಯಿ ತಟ್ಟೆಯಿಂದ ತಲೆ ಎತ್ತಿ, ಮೈ ಸಡಿಲ ಬಿಟ್ಟು, 'ಎಲ್ಲಿ ನನ್ನ ಚೂರು?' ಅಂತ ನೋಡುತ್ತದೆ. ನನಗೆ ಇದನ್ನು ಮೊದಲ ಸಲ ಕಂಡಾಗ ಕಣ್ಣು ತುಂಬಿ ಬಂದಿತ್ತು. ಈ ನೋಟ ಮತ್ತೆ ಮತ್ತೆ ಬಂದ ಮೇಲೆ ಮಾತ್ರ ಒಂದು ಹೆಜ್ಜೆ ಹತ್ತಿರ ಹೋಗಿ. ಹೀಗೇ ತಟ್ಟೆಯ ಪಕ್ಕಕ್ಕೆ ಬರುವುದು, ಅಲ್ಲಿ ಒಂದು ಕ್ಷಣ ನಿಲ್ಲುವುದು, ಸ್ವಲ್ಪ ಬಾಗುವುದು. ಬಾಗುವುದು ನಮಗೆ ಸಣ್ಣದು, ನಾಯಿಗೆ ಬಹಳ ದೊಡ್ಡದು. ಅಲ್ಲಿ ಅವಸರ ಬೇಡ.

ಒಂದು ಸಲಕ್ಕೆ ಒಂದನ್ನೇ ಕಷ್ಟ ಮಾಡಿ. ದೂರ ಕಡಿಮೆ ಮಾಡಿದ ದಿನ ತಟ್ಟೆಯಲ್ಲಿ ಸಾದಾ ಊಟವೇ ಇರಲಿ. ಮೂಳೆಯ ಜೊತೆ ಅಭ್ಯಾಸ ಮಾಡುವ ದಿನ ಮತ್ತೆ ದೂರದಿಂದ ಶುರುಮಾಡಿ. ಮನೆಯ ಇನ್ನೊಬ್ಬರು ಅಭ್ಯಾಸ ಮಾಡಿಸುವಾಗ ಅವರೂ ಮೊದಲ ಹೆಜ್ಜೆಯಿಂದಲೇ ಬರಬೇಕು. ನಿಮ್ಮ ಮೇಲಿನ ನಂಬಿಕೆ ಅವರಿಗೆ ತಾನಾಗಿ ಹೋಗುವುದಿಲ್ಲ. ಯಾವ ಹಂತದಲ್ಲಾದರೂ ನಾಯಿ ಬಿಗಿಯಾದರೆ ನೀವು ಬೇಗ ಮುಂದೆ ಹೋಗಿದ್ದೀರಿ ಅಂತ ಅರ್ಥ. ಆ ದಿನ ನಿಲ್ಲಿಸಿ, ನಾಳೆ ಹಿಂದಿನ ದೂರದಿಂದ ಶುರುಮಾಡಿ. ಕೊನೆಯಲ್ಲಿ ತಟ್ಟೆ ಎತ್ತುವ ತನಕ ಹೋಗಲೇಬೇಕು ಅಂತೇನಿಲ್ಲ. ಪಕ್ಕದಲ್ಲಿ ನಿರಾಳವಾಗಿ ಹಾದುಹೋಗುವಂತಾದರೆ ಅನೇಕ ಮನೆಗಳಿಗೆ ಅಷ್ಟೇ ಸಾಕು.

ಗುರುಗುಟ್ಟುವ ನಾಯಿಗೆ ತಿಂಡಿ ಕೊಟ್ಟರೆ ಅದಕ್ಕೆ ಬಹುಮಾನ ಕೊಟ್ಟ ಹಾಗಲ್ಲವೇ?

ಗುರುಗುಟ್ಟಲು ಅವಕಾಶವೇ ಇಲ್ಲದಷ್ಟು ದೂರದಲ್ಲಿ ಅಭ್ಯಾಸ ಮಾಡಿಸುತ್ತೇವೆ, ಹಾಗಾಗಿ ಈ ಪ್ರಶ್ನೆ ಬರಬಾರದು. ಅಕಸ್ಮಾತ್ ಬಂದರೂ, ಭಯ ಕಡಿಮೆಯಾದ ನಾಯಿಗೆ ಗುರುಗುಟ್ಟುವ ಕಾರಣವೇ ಉಳಿಯುವುದಿಲ್ಲ.

ಬಾಯಲ್ಲಿರುವುದನ್ನು ಬಿಡಿಸುವುದು ಹೇಗೆ?

ಕೊಡು-ಕೊಳ್ಳುವ ಆಟ ಕಲಿಸಿ. ನಾಯಿಗೆ ಅಷ್ಟೇನೂ ಆಸೆಯಿಲ್ಲದ ಆಟಿಕೆಯಿಂದ ಶುರುಮಾಡಿ. 'ಬಿಡು' ಅನ್ನಿ, ನಂತರ ಒಂದೆರಡು ಮಾರು ದೂರದಲ್ಲಿ ಮೂರ್ನಾಲ್ಕು ರುಚಿ ಚೂರುಗಳನ್ನು ನೆಲಕ್ಕೆ ಹಾಕಿ. ನಾಯಿ ಅವನ್ನು ತಿನ್ನುವಾಗ ಆಟಿಕೆ ಎತ್ತಿಕೊಳ್ಳಿ, ಮತ್ತೆ ವಾಪಸ್ ಕೊಡಿ. ಈ ವಾಪಸ್ ಕೊಡುವುದೇ ಆಟದ ಜೀವ. ಬಿಟ್ಟರೆ ಚೂರೂ ಸಿಗುತ್ತದೆ, ವಸ್ತುವೂ ಸಿಗುತ್ತದೆ ಅಂತ ಗೊತ್ತಾದ ನಾಯಿ ಯಾಕೆ ಹಟ ಹಿಡಿಯುತ್ತದೆ?

ಓಡುವ ನಾಯಿಯ ಹಿಂದೆ ಓಡಬೇಡಿ. ಕದ್ದದ್ದು ಕೆಲಸಕ್ಕೆ ಬಾರದ ಕಾಗದವಾದರೆ ಹಾಳಾಗಿ ಹೋಗಲಿ ಬಿಡಿ. ಅಟ್ಟಿಸಿಕೊಂಡು ಹೋದರೆ ಅವಸರದಲ್ಲಿ ನುಂಗಿಬಿಡುವ ನಾಯಿಗಳಿವೆ. ನುಂಗಿದ ಬಟ್ಟೆ ಕರುಳಿಗೆ ಅಡ್ಡವಾಗಿ ಆಪರೇಷನ್ ತನಕ ಹೋಗಬಹುದು.

ನುಂಗಿದರೆ ಜೀವಕ್ಕೇ ಅಪಾಯ ಅನ್ನುವಂಥದ್ದನ್ನು ಕಚ್ಚಿಕೊಂಡಿದ್ದರೆ?

ಆಗ ತರಬೇತಿಯ ಯೋಚನೆ ಬಿಡಿ, ಗಮನ ಬೇರೆ ಕಡೆ ಸೆಳೆಯಿರಿ. ಫ್ರಿಜ್ ತೆಗೆಯಿರಿ, ಕಾಲಿಂಗ್ ಬೆಲ್ ಒತ್ತಿ, ವಾಕಿಂಗ್‌ಗೆ ಹೊರಟ ಹಾಗೆ ಬೆಲ್ಟ್ ಕೈಗೆತ್ತಿಕೊಂಡು ಬಾಗಿಲ ಕಡೆ ನಡೆಯಿರಿ. ಅಥವಾ ಒಂದು ಹಿಡಿ ಮಾಂಸದ ಚೂರುಗಳನ್ನು ನೆಲದ ಮೇಲೆ ದೂರಕ್ಕೆ ಚೆಲ್ಲಿ. ನಾಯಿ ಆ ಕಡೆ ಹೋದ ಮೇಲೆ ಬಾಗಿಲು ಹಾಕಿ, ನಂತರ ವಸ್ತು ಎತ್ತಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್, ಮನುಷ್ಯರ ಮಾತ್ರೆ, ಬಟನ್ ಬ್ಯಾಟರಿ, ಇಲಿಪಾಷಾಣ ಹೊಟ್ಟೆಗೆ ಹೋಗಿದೆ ಅನ್ನಿಸಿದರೆ ಕಾಯಬೇಡಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಅವರು ಹೇಳದೆ ವಾಂತಿ ಮಾಡಿಸಬೇಡಿ.

ಸೋಫಾ ಬಿಟ್ಟು ಇಳಿಯುವುದಿಲ್ಲ, ಹತ್ತಿರ ಹೋದರೆ ಗುರ್ ಅನ್ನುತ್ತದೆ.

ಕತ್ತಿನ ಪಟ್ಟಿ ಹಿಡಿದು ಎಳೆಯಬೇಡಿ. ಹೀಗೆ ಎಳೆಯಹೋಗಿ ಕೈ ಕಚ್ಚಿಸಿಕೊಂಡವರು ಬಹಳ ಮಂದಿ. ದೂರದಿಂದ 'ಇಳಿ' ಅಂತ ಕರೆದು, ಚೂರನ್ನು ನೆಲಕ್ಕೆ ಹಾಕಿ. ಇಳಿಯುವುದು, ಮತ್ತೆ ಹತ್ತುವುದು ಎರಡನ್ನೂ ಆಟದ ಹಾಗೆ ಕಲಿಸಿ. ಅಷ್ಟರ ತನಕ ಸೋಫಾ ಇರುವ ಕೋಣೆಯ ಬಾಗಿಲು ಹಾಕಿರಲಿ, ನಾಯಿಗೆ ತನ್ನದೇ ಮೆತ್ತನೆಯ ಹಾಸಿಗೆ ಇರಲಿ. ವಯಸ್ಸಾದ ನಾಯಿಯಾದರೆ ಮೊದಲು ಕೀಲು ನೋವು ಇದೆಯೇ ಅಂತ ತೋರಿಸಿ. ಇಳಿಯಲು ನೋವಾಗುತ್ತಿರಬಹುದು, ಪಾಪ.

ನನ್ನ ಪಕ್ಕ ಯಾರು ಕೂತರೂ ಆಗುವುದಿಲ್ಲ. ಇದು ಪ್ರೀತಿ ಅಲ್ಲವೇ?

ಪ್ರೀತಿ ಇದೆ, ಆದರೆ ಆ ಗುರುಗುಟ್ಟುವಿಕೆ ಪ್ರೀತಿಯದ್ದಲ್ಲ. ಇಲ್ಲಿ ಕಾಯುವ ವಸ್ತು ನೀವು. ಗುರುಗುಟ್ಟಿದರೆ ಗದರದೆ ಎದ್ದು ದೂರ ಹೋಗಿ. ಬೇರೆ ಹೊತ್ತಿನಲ್ಲಿ, ಮನೆಯವರು ನಿಮ್ಮ ಹತ್ತಿರ ಬರುವಾಗಲೆಲ್ಲ ನಾಯಿಗೆ ಚೂರು ಸಿಗಲಿ, ಅವರು ಹೋದ ಮೇಲೆ ಚೂರು ನಿಲ್ಲಲಿ.

ಎರಡು ನಾಯಿಗಳಿವೆ. ಒಂದು ಇನ್ನೊಂದನ್ನು ತಟ್ಟೆಯ ಹತ್ತಿರ ಬಿಡುವುದಿಲ್ಲ.

ಬೇರೆ ಬೇರೆ ಕೋಣೆಯಲ್ಲಿ ಊಟ ಹಾಕಿ, ಬಾಗಿಲು ಮುಚ್ಚಿ. ಮುಗಿದ ಮೇಲೆ ಖಾಲಿ ತಟ್ಟೆಗಳನ್ನೂ ಎತ್ತಿಡಿ, ಖಾಲಿ ತಟ್ಟೆಗೂ ಜಗಳ ಆಗುತ್ತದೆ. ಮೂಳೆಗಳು ಇಬ್ಬರ ಮಧ್ಯೆ ಬಿದ್ದಿರಬಾರದು. ಒಂದು ನಾಯಿ ಸಣ್ಣಗೆ ಗುರ್ ಅಂದು, ಇನ್ನೊಂದು ದೂರ ಹೋದರೆ ಅದು ಅವುಗಳ ಮಾತುಕತೆ, ನಡುವೆ ಹೋಗಬೇಡಿ. ಒಂದು ನಾಯಿ ಸದಾ ಹೆದರಿ ಮೂಲೆ ಸೇರಿದರೆ, ಅಥವಾ ಗಾಯ ಆದರೆ, ಸಹಾಯ ಬೇಕು. ಕಚ್ಚಾಡುವಾಗ ಮಧ್ಯೆ ಕೈ ಹಾಕಬೇಡಿ. ಜೋರು ಸದ್ದು ಮಾಡಿ, ನೀರು ಎರಚಿ, ನಡುವೆ ಕುರ್ಚಿ ಅಥವಾ ಹಲಗೆ ತೂರಿಸಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಇಲ್ಲಿ ನಾನು ಸ್ವಲ್ಪವೂ ರಿಯಾಯಿತಿ ಕೊಡುವುದಿಲ್ಲ. ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲಿರುತ್ತದೆ. ಮಗುವಿಗೆ ಕಣ್ಣಿನ ಬಿಳಿ, ಬಿಗಿದ ಮೈ ಇವೆಲ್ಲ ಅರ್ಥವಾಗುವುದಿಲ್ಲ. ಅದರ ಕೈಯಲ್ಲಿ ಬಿಸ್ಕತ್ತು ಇರುತ್ತದೆ, ಅದು ಎಡವಿ ನಾಯಿಯ ಮೇಲೇ ಬೀಳುತ್ತದೆ. ಕಾಯುವ ನಾಯಿ ಮತ್ತು ಮಗುವಿನ ನಡುವೆ ಬಾಗಿಲು ಅಥವಾ ಗಟ್ಟಿ ಗೇಟು ಇರಲೇಬೇಕು. ನಾಯಿ ತಿನ್ನುವಾಗ, ಅಗಿಯುವಾಗ, ಮಲಗಿದ್ದಾಗ, ಮತ್ತು ಮಗು ತಿನ್ನುವಾಗ ಇಬ್ಬರೂ ಬೇರೆ ಕಡೆ. 'ನಾನು ಇಲ್ಲೇ ಇದ್ದೀನಲ್ಲ' ಅನ್ನುವುದು ಸಾಲದು, ಕಚ್ಚಲು ಒಂದು ಕ್ಷಣ ಸಾಕು. ಮೇಲೆ ಹೇಳಿದ ಅಭ್ಯಾಸಗಳನ್ನು ಮಕ್ಕಳ ಕೈಯಲ್ಲಿ ಮಾಡಿಸಬೇಡಿ.

ವರ್ಷಗಟ್ಟಲೆ ಸುಮ್ಮನಿದ್ದ ನಾಯಿ ಈಗ ಶುರುಮಾಡಿದೆ.

ಟ್ರೈನರ್ ಬಳಿ ಹೋಗುವ ಮೊದಲು ಪಶುವೈದ್ಯರ ಬಳಿ ಹೋಗಿ. ಹಲ್ಲು ನೋವು, ಕೀಲು ನೋವು, ಕಿವಿಯ ಸೋಂಕು ಇದ್ದರೆ ನಾಯಿಯ ತಾಳ್ಮೆ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ, ಹಾರ್ಮೋನು ಏರುಪೇರಿನ ಕುಶಿಂಗ್ ಕಾಯಿಲೆಯಲ್ಲಿ ಹಸಿವು ಹೆಚ್ಚುತ್ತದೆ. ಸ್ಟಿರಾಯ್ಡ್ ಮಾತ್ರೆ, ಮೂರ್ಛೆಗೆ ಕೊಡುವ ಫೀನೋಬಾರ್ಬಿಟಾಲ್ ಕೂಡ ಹಸಿವು ಹೆಚ್ಚಿಸುತ್ತವೆ. ಮಾತ್ರೆ ಶುರುವಾದ ಮೇಲೆ ಈ ಬದಲಾವಣೆ ಬಂದಿದ್ದರೆ ವೈದ್ಯರಿಗೆ ಹೇಳಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ನಾಯಿಗಳ ಆಶ್ರಯಧಾಮದಲ್ಲಿ ಹೀಗೆ ತನ್ನದನ್ನು ಕಾಯುತ್ತಿದ್ದ ನಾಯಿಯನ್ನು ಮನೆಗೆ ತರಬಹುದೇ?

ಮಕ್ಕಳಿಲ್ಲದ, ತಾಳ್ಮೆಯಿರುವ ಮನೆಯಾದರೆ ಖಂಡಿತ ಯೋಚಿಸಿ. ಗದ್ದಲದ ಜಾಗದಲ್ಲಿ, ಹತ್ತಾರು ನಾಯಿಗಳ ಪಕ್ಕದಲ್ಲಿ ಕಾಯುತ್ತಿದ್ದ ಎಷ್ಟೋ ನಾಯಿಗಳು ಮನೆಗೆ ಬಂದ ಮೇಲೆ ಕಾಯುವುದಿಲ್ಲ. ಅಲ್ಲಿ ಸುಮ್ಮನಿದ್ದದ್ದು ಮನೆಯಲ್ಲಿ ಶುರುಮಾಡುವುದೂ ಇದೆ. ಮೊದಲ ಕೆಲವು ವಾರ ಊಟದ ಹೊತ್ತಿನಲ್ಲಿ ಅದನ್ನು ಅದರ ಪಾಡಿಗೆ ಬಿಡಿ.

ಸಂತಾನಹರಣ ಆಪರೇಷನ್ ಮಾಡಿಸಿದರೆ ಹೋಗುತ್ತದೆಯೇ?

ಇದಕ್ಕೆ ಅದು ಔಷಧಿ ಅಲ್ಲ. ಬೇರೆ ಕಾರಣಗಳಿಗೆ ಮಾಡಿಸುವುದಾದರೆ ಮಾಡಿಸಿ.

ಕಚ್ಚಿಬಿಟ್ಟಿದೆ. ಈಗ?

ನಾಯಿಯನ್ನು ಬೇರೆ ಕೋಣೆಗೆ ಕರೆದು ಬಾಗಿಲು ಹಾಕಿ. ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸಣ್ಣ ತರಚು ಅಂತ ಸುಮ್ಮನಾಗದೆ ಅವತ್ತೇ ವೈದ್ಯರಿಗೆ ತೋರಿಸಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು. ನಿಮ್ಮ ನಾಯಿಗೆ ಲಸಿಕೆ ಆಗಿದ್ದರೂ ಮುಂದಿನದನ್ನು ವೈದ್ಯರೇ ತೀರ್ಮಾನಿಸಲಿ.

ಕಚ್ಚಿ ಗಾಯ ಮಾಡಿದ ನಾಯಿಯ ಜೊತೆ ಈ ಪುಟ ಓದಿಕೊಂಡು ಒಬ್ಬರೇ ಅಭ್ಯಾಸಕ್ಕೆ ಇಳಿಯಬೇಡಿ. ನಾಯಿಗಳ ವರ್ತನೆ ಬಲ್ಲ ಪಶುವೈದ್ಯರನ್ನು, ಅಥವಾ ಹೊಡೆಯದೆ ಕಲಿಸುವ ಅನುಭವಿ ಟ್ರೈನರ್‌ರನ್ನು ಹುಡುಕಿ. ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: ನಾಯಿ ಗುರ್ ಅಂದರೆ ನೀವು ಏನು ಮಾಡುತ್ತೀರಿ? ಬೆಲ್ಟ್ ಜಗ್ಗುತ್ತೇನೆ, ನೆಲಕ್ಕೆ ಒತ್ತಿ ಹಿಡಿಯುತ್ತೇನೆ, ಶಾಕ್ ಕಾಲರ್ ಹಾಕುತ್ತೇನೆ ಅಂದರೆ ಎದ್ದು ಬನ್ನಿ. ಅಭ್ಯಾಸದ ಸಮಯಕ್ಕೆ ಅವರು ಮಜಲ್, ಅಂದರೆ ಬಾಯಿಕುಕ್ಕೆ ಹಾಕಲು ಹೇಳಬಹುದು. ನಾಯಿ ಬಾಯಿ ತೆರೆದು ಉಸಿರಾಡಲು, ನೀರು ಕುಡಿಯಲು ಆಗುವಂಥ ಬುಟ್ಟಿಯಾಕಾರದ್ದೇ ಇರಲಿ. ಒಮ್ಮೆಲೇ ತೊಡಿಸದೆ, ಅದರೊಳಗೆ ಚೂರು ಇಟ್ಟು ನಿಧಾನಕ್ಕೆ ರೂಢಿ ಮಾಡಿಸಿ.

ಪೂರ್ತಿ ಹೋಗುತ್ತದೆಯೇ? ಎಷ್ಟು ದಿನ ಬೇಕು?

ಚಿಕ್ಕ ಮರಿಯಲ್ಲಿ ಕೆಲವು ವಾರ, ವರ್ಷಗಳ ಅಭ್ಯಾಸವಾದ ನಾಯಿಯಲ್ಲಿ ಹಲವು ತಿಂಗಳು. ನಮ್ಮ ನಾಯಿಗೆ ಐದು ತಿಂಗಳು ಬೇಕಾಯಿತು. ಈಗ ಅದು ತಿನ್ನುವಾಗ ಪಕ್ಕದಲ್ಲಿ ನೆಲ ಒರೆಸಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೂ ದೊಡ್ಡ ಮೂಳೆ ಸಿಕ್ಕ ದಿನ ಅದನ್ನು ಎತ್ತಿಕೊಂಡು ತನ್ನ ಮೂಲೆಗೆ ಹೋಗುತ್ತದೆ, ಆ ದಿನ ಆ ಕಡೆ ಯಾರೂ ಹೋಗುವುದಿಲ್ಲ. ಮನೆ ಬದಲಾದಾಗ, ಕಾಯಿಲೆ ಬಿದ್ದಾಗ, ನೆಂಟರು ಬಂದು ಮನೆ ತುಂಬಿದಾಗ ಹಳೆಯದು ಮರಳಬಹುದು. ಆಗ ಮತ್ತೆ ದೂರದಿಂದ ಒಂದು ಚೂರು ಎಸೆದು ಶುರುಮಾಡಿ. ಎರಡನೇ ಸಲಕ್ಕೆ ಅಷ್ಟು ದಿನ ಹಿಡಿಯುವುದಿಲ್ಲ.